ಬೆಟ್ಟದ ಹೊಗೆ ಮತ್ತು ನಮ್ಮ ಮೇಷ್ಟ್ರು

ಬೆಟ್ಟದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಕಾಣಿಸುತ್ತಿದೆ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವ ಹಾಗೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಓದಲು ಕೂತವರಿಗೆ ಮೊದಮೊದಲು ಸಿಗುವ ಪಾಠ ಇದು. ಮೈಸೂರಿನಲ್ಲಿ ಇದನ್ನು ಕಲಿಸಲು ನಮ್ಮ ಫಿಲಾಸಫಿ ಮೇಷ್ಟ್ರಿಗೆ ಬೋರ್ಡು ಬೇಕಿರಲಿಲ್ಲ. ಡಿಸೆಂಬರಿನ ಒಂದು ಬೆಳಗಿನ ಜಾವ ನಮ್ಮನ್ನೆಲ್ಲ ಚಾಮುಂಡಿ ಬೆಟ್ಟದ ಬುಡಕ್ಕೆ ಬರಹೇಳಿದರು.

"ಮೇಲೆ ನೋಡಿ, ಏನದು?"

"ಹೊಗೆ ಸರ್."

"ಹೇಗೆ ಗೊತ್ತು? ಮಂಜು ಇರಬಾರದಾ?"

ಮೆಟ್ಟಿಲು ಹತ್ತಿ ನಂದಿಯ ಹತ್ತಿರ ಹೋಗುವಷ್ಟರಲ್ಲಿ ಅದು ಮಂಜೇ ಅಂತ ಖಾತ್ರಿಯಾಯಿತು. ಮೇಷ್ಟ್ರಿಗೆ ಖುಷಿಯೋ ಖುಷಿ. ಏದುಸಿರು ಬಿಡುತ್ತಲೇ, ಕಣ್ಣಿಗೆ ಕಂಡದ್ದನ್ನಷ್ಟೇ ನಂಬಿ ಊಹೆಯನ್ನು ಒಪ್ಪದ ಚಾರ್ವಾಕರನ್ನು ಎಳೆದು ತಂದರು. ಹೊಗೆಯೇ ಅಂತಿಟ್ಟುಕೊಳ್ಳಿ, ನೀವು ಎಷ್ಟು ಅಡುಗೆಮನೆ ನೋಡಿದ್ದೀರಿ? ಲೋಕದ ಅಡುಗೆಮನೆಗಳನ್ನೆಲ್ಲ ನೋಡದೆ 'ಹೊಗೆ ಇದ್ದಲ್ಲೆಲ್ಲ ಬೆಂಕಿ' ಅಂತ ಹೇಗೆ ಹೇಳುತ್ತೀರಿ? ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಇವತ್ತಿನವರೆಗೆ ಸೂರ್ಯ ಹುಟ್ಟಿದ, ಸರಿ. ನಾಳೆಯೂ ಹುಟ್ಟುತ್ತಾನೆ ಅನ್ನುವುದಕ್ಕೆ ಏನು ಆಧಾರ?

ರಾಧಾಕೃಷ್ಣನ್ 1921ರಲ್ಲಿ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟು ಎಳೆದು ಸ್ಟೇಷನ್ನಿಗೆ ಬಿಟ್ಟರು. ಈ ಕಥೆ ಕೇಳದ ಮೈಸೂರಿಗರು ಇರಲಿಕ್ಕಿಲ್ಲ. ನಮ್ಮ ಮೇಷ್ಟ್ರು ನಿವೃತ್ತರಾದ ದಿನ ಅವರ ಸ್ಕೂಟರ್ ಸ್ಟಾರ್ಟೇ ಆಗಲಿಲ್ಲ. ಗೇಟಿನವರೆಗೆ ನಾವು ತಳ್ಳಿದೆವು. ಹೂವಿನ ಹಾರ ಹಾಕಿಕೊಂಡೇ ಕೂತಿದ್ದ ಅವರು, "ನನ್ನ ಯೋಗ್ಯತೆಗೆ ಇದೇ ಜಾಸ್ತಿ ಕಣ್ರಯ್ಯ" ಅಂದರು.

ನನಗೂ ಅವರಿಗೂ ಇದ್ದ ಜಗಳ ಚಾರ್ವಾಕರದ್ದೇ. ಹೊಗೆ ನೋಡಿ ಬೆಂಕಿ ಊಹಿಸುವುದನ್ನು ನಂಬಬೇಡಿ ಅನ್ನುವ ಚಾರ್ವಾಕ, ಅದನ್ನು ಸಾಧಿಸಲು ತಾನೂ ಅಂಥದೇ ತರ್ಕ ಬಳಸಬೇಕಲ್ಲ, ಕೂತ ಕೊಂಬೆಯನ್ನೇ ಕಡಿದ ಹಾಗಾಯಿತಲ್ಲ ಅನ್ನುತ್ತಿದ್ದರು. ಅವನು ಏನನ್ನೂ ಸಾಧಿಸಬೇಕಿಲ್ಲ ಸರ್, ನಿಮ್ಮ ನಿಯಮ ನಿಮಗೇ ಸಾಲುವುದಿಲ್ಲ ಅಂತ ತೋರಿಸಿದರೆ ಸಾಕು ಅನ್ನುತ್ತಿದ್ದೆ ನಾನು. "ಹಾಗಾದ್ರೆ ಜಯರಾಶಿ ಭಟ್ಟನನ್ನು ಓದ್ಕೊಂಡು ಬಾಮ್ಮ" ಅಂದರು. ಚಾರ್ವಾಕರ ಸಾಲಿಗೇ ಸೇರಿಸುವ ಹಳೆಯ ಚಿಂತಕ ಜಯರಾಶಿಯ 'ತತ್ತ್ವೋಪಪ್ಲವಸಿಂಹ' ಅನ್ನುವ ಗ್ರಂಥದ ಹಸ್ತಪ್ರತಿ ಸಿಕ್ಕಿದ್ದೇ 1926ರಲ್ಲಿ, ಗುಜರಾತಿನ ಪಾಟಣದಲ್ಲಿ. ಅಚ್ಚಾದದ್ದು 1940ರಲ್ಲಿ. ಕಣ್ಣಾರೆ ಕಂಡದ್ದನ್ನೂ ಸೇರಿಸಿ ಒಂದೊಂದೇ ಪ್ರಮಾಣವನ್ನು, ಅಂದರೆ ತಿಳಿವಿನ ದಾರಿಯನ್ನು, ಕೆಡವುತ್ತಾ ಹೋಗುವ ಪುಸ್ತಕ ಅದು. ಓದಿಕೊಂಡು ಬಂದೆ. ಜಗಳ ಇನ್ನೂ ಜೋರಾಯಿತು.

ಕಾಯಿಲೆಯಿಂದ ಮಲಗಿದಾಗ ನೋಡಲು ಹೋದೆ. "ಏನಮ್ಮಾ, ಬಾಸ್ವೆಲ್ ಥರ ಬಂದ್ಯಾ?" ಅಂದರು. ಹ್ಯೂಮ್ 1776ರಲ್ಲಿ ಸಾಯುವ ಮುಂಚೆ ಲೇಖಕ ಜೇಮ್ಸ್ ಬಾಸ್ವೆಲ್ ಅವನನ್ನು ನೋಡಲು ಹೋಗಿದ್ದ. ದೇವರನ್ನು ನಂಬದವನು ಈಗಲಾದರೂ ಹೆದರುತ್ತಾನಾ ಅನ್ನುವ ಕುತೂಹಲ. ಹುಟ್ಟುವ ಮುಂಚೆ ನಾನಿರಲಿಲ್ಲ ಅನ್ನುವುದು ನನ್ನನ್ನು ಕಾಡುವುದಿಲ್ಲ, ಇನ್ನು ಮುಂದೆ ಇರುವುದಿಲ್ಲ ಅನ್ನುವುದೂ ಹಾಗೆಯೇ ಅಂತ ಹ್ಯೂಮ್ ಆರಾಮಾಗಿ ಹೇಳಿದನಂತೆ.

"ನನಗೆ ಅವನಷ್ಟು ಧೈರ್ಯ ಇಲ್ಲಮ್ಮ. ರಾತ್ರಿ ಹೊತ್ತು ಸ್ವಲ್ಪ ಭಯ ಆಗುತ್ತೆ" ಅಂದರು ಮೇಷ್ಟ್ರು. ಅವರು ಮಾಡಿದ ಪಾಠಗಳಲ್ಲೆಲ್ಲ ನನಗೆ ಹೆಚ್ಚು ಬೇಕಾದದ್ದು ಈ ಮಾತು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಪುಣ್ಯಾತ್ಮರು, ನೇರ ಸ್ವರ್ಗಕ್ಕೇ ಹೋಗಿರ್ತಾರೆ" ಅಂದರು. ಎದುರು ಸಾಲಿನಲ್ಲಿದ್ದ ನನ್ನ ಕ್ಲಾಸ್‌ಮೇಟ್ ತಲೆಯೆತ್ತಿ ನನ್ನನ್ನು ನೋಡಿದ. ಇಬ್ಬರ ಬಾಯಿಗೂ ಬಂದದ್ದು ಒಂದೇ ಪ್ರಶ್ನೆ. ಕೇಳಲು ಆಗುತ್ತದಾ? ಬಗ್ಗಿ ಸಾರನ್ನ ಕಲಸಿದೆವು.

ಬಂದವರೆಲ್ಲ ಹೋದ ಮೇಲೆ ಮೇಷ್ಟ್ರ ಹೆಂಡತಿ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ಅಮ್ಮ ಅಂತಲೇ ನಾವು ಕರೆಯುವುದು. "ಆ ಚಾರ್ವಾಕನ ಕಥೆ ಕೊನೆಗೆ ಏನಾಯ್ತೇ?" ಅಂತ ಕೇಳಿದರು. ಚಾರ್ವಾಕ ಏನನ್ನೂ ಸಾಧಿಸಬೇಕಿಲ್ಲ ಅನ್ನುವ ನನ್ನ ವಾದವನ್ನು ಅವರಿಗೂ ಒಪ್ಪಿಸಿದೆ.

"ಅಯ್ಯೋ, ಅವರೂ ಮನೇಲಿ ಹಾಗೇ ಹೇಳ್ತಿದ್ದರಲ್ಲ! ನೀನು ಹೇಳೋದೇ ಸರಿ ಅಂತ ಎಷ್ಟು ಸಲ ಅಂದಿದಾರೆ."

"ಮತ್ತೆ ನನ್ನ ಹತ್ರ ಯಾಕಮ್ಮಾ ಒಪ್ಪಲಿಲ್ಲ?"

"ಒಪ್ಪಿಬಿಟ್ಟರೆ ನೀನು ಬರೋದು ನಿಲ್ಲಿಸ್ತೀಯ ಅಂತಿದ್ದರು."

ನಗು ಬಂತು, ಅದರ ಹಿಂದೆಯೇ ವಿಪರೀತ ಸಿಟ್ಟೂ ಬಂತು.