ನೀರು ತಿಳಿಯಾಗೇ ಇತ್ತು, ಮೀನು ಸತ್ತೋದ್ವು

ಹೋದ ವರ್ಷ ನನ್ನ ಅಕ್ವೇರಿಯಮ್ಮಲ್ಲಿದ್ದ ಐದೂ ಮೀನು ಮೂರೇ ದಿನದಲ್ಲಿ ಸತ್ತೋದ್ವು. ತಪ್ಪು ನಂದೇ. ಭಾನುವಾರ ಬಿಡುವಾಗಿದ್ದೆ ಅಂತ ತೊಟ್ಟಿ ಪೂರ್ತಿ ಖಾಲಿ ಮಾಡಿ, ಕಲ್ಲೆಲ್ಲ ಉಜ್ಜಿ, ಫಿಲ್ಟರ್ ಒಳಗಿನ ಸ್ಪಾಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಲೋಳೆ ಆಗಿತ್ತಲ್ಲ, ಅದನ್ನೂ ನಲ್ಲಿ ಕೆಳಗೆ ಹಿಡ್ದು ಹೊಸದರ ಥರ ಆಗೋವರೆಗೂ ಹಿಂಡಿ ಹಿಂಡಿ ತೊಳೆದೆ. ನೀರು ಅಂದ್ರೆ ನೀರು, ಇದೆಯೋ ಇಲ್ವೋ ಅನ್ನೋ ಹಂಗಿತ್ತು. ಸೋಮವಾರ ಸಂಜೆ ನೋಡಿದ್ರೆ ಎಲ್ಲಾ ಮೇಲಕ್ಕೆ ಬಂದು ಬಾಯಿ ಬಿಡ್ತಾ ಇದ್ವು, ಬುಧವಾರಕ್ಕೆ ಒಂದೂ ಇಲ್ಲ.

ಫ್ರೆಂಡ್ ಒಬ್ಬ ಟೆಸ್ಟ್ ಕಿಟ್ ತಂದು ಅದೇ ನೀರಿಗೆ ನಾಕು ಹನಿ ಬಿಟ್ಟ. ಹಳದಿಯಾಗೇ ಉಳೀಬೇಕಿತ್ತಂತೆ, ಕಡು ಹಸಿರಾಯ್ತು. ಅಮೋನಿಯಾ.

ಆಗ ಕೂತು ಓದಿದ್ದು ನೈಟ್ರೋಜನ್ ಸೈಕಲ್ ಬಗ್ಗೆ. ಸ್ಕೂಲಲ್ಲೂ ಓದಿದ್ದೆ, ಬಾಣದ ಗುರುತು ಹಾಕಿ ಚಿತ್ರ ಬರೆದು ಮಾರ್ಕ್ಸೂ ತಗೊಂಡಿದ್ದೆ, ಆದ್ರೆ ಆ ಬಾಣದ ಮೇಲೆ ಯಾರೋ ಕೂತು ಕೆಲಸ ಮಾಡ್ತಿದಾರೆ ಅಂತ ಮಾತ್ರ ಯಾವತ್ತೂ ಹೊಳೆದಿರ್ಲಿಲ್ಲ. ಮೀನು ಕಿವಿರಿನಿಂದ ಅಮೋನಿಯಾ ಬಿಡ್ತಾನೇ ಇರತ್ತೆ, ತಿನ್ನದೆ ಬಿಟ್ಟ ಆಹಾರ ಕೊಳೆತ್ರೂ ಅದೇ ಬರತ್ತೆ. ಅದು ಮೀನಿಗೆ ವಿಷ. ನೈಟ್ರೊಸೊಮೊನಾಸ್ ಥರದ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡ್ತವೆ, ಅದೂ ವಿಷವೇ, ರಕ್ತ ಆಕ್ಸಿಜನ್ ಹೊರದ ಹಾಗೆ ಮಾಡತ್ತೆ. ಆಮೇಲೆ ನೈಟ್ರೋಸ್ಪೈರಾ ಅಂತ ಇನ್ನೊಂದು ಗುಂಪು ಅದನ್ನ ನೈಟ್ರೇಟ್ ಮಾಡತ್ತೆ, ಇದನ್ನ ಮೀನು ಒಂದು ಮಟ್ಟದವರೆಗೆ ತಡ್ಕೊಳತ್ತೆ, ಗಿಡ ಹೀರ್ಕೊಳತ್ತೆ. ಹೊಸ ತೊಟ್ಟಿಲಿ ಈ ಎರಡೂ ಗುಂಪು ನೆಲೆ ನಿಲ್ಲೋಕೆ ಸುಮಾರು 4ರಿಂದ 6 ವಾರ ಬೇಕು. ಅವು ವಾಸ ಇದ್ದದ್ದು ಎಲ್ಲಿ ಅಂದ್ರೆ ಆ ಲೋಳೆ ಸ್ಪಾಂಜಲ್ಲಿ, ನಾನು ಬ್ಯಾಕ್ಟೀರಿಯಾ ಕೊಲ್ಲೋ ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ಹಿಂಡಿದ್ನಲ್ಲ, ಅದರಲ್ಲೇ. ಗಲೀಜು ಅಂತ ಎಸೆದದ್ದೇ ತೊಟ್ಟಿಯ ಅರ್ಧ ಜೀವ.

1935ರಲ್ಲಿ ಆರ್ಥರ್ ಟ್ಯಾನ್ಸ್ಲಿ ಅನ್ನೋ ಬ್ರಿಟಿಷ್ ಸಸ್ಯವಿಜ್ಞಾನಿ ‘ಇಕೋಸಿಸ್ಟಮ್’ ಅನ್ನೋ ಪದನ ಮೊದಲು ಅಚ್ಚಿಗೆ ತಂದ್ರು. ಜೀವ ಇರೋದು ಇಲ್ಲದ್ದು ಎರಡನ್ನೂ, ಅಂದ್ರೆ ಮೀನು, ಬ್ಯಾಕ್ಟೀರಿಯಾ, ನೀರು, ಕಲ್ಲು, ಬೆಳಕು ಎಲ್ಲಾನೂ ಸೇರಿಸಿ ಒಂದೇ ವ್ಯವಸ್ಥೆ ಅಂತ ನೋಡ್ಬೇಕು ಅನ್ನೋದು ಅವರ ವಾದ. ಕೇಳೋಕೆ ಸಪ್ಪೆ ಡೆಫಿನಿಷನ್, ಐದು ಮೀನು ಕಳ್ಕೊಂಡ ಮೇಲೆ ಅಷ್ಟು ಸಪ್ಪೆ ಅನ್ನಿಸಲ್ಲ.

ಅವತ್ತಿಂದ ನಂಗೆ ಒಂದು ಚಟ ಹತ್ತಿದೆ. ಏನೇ ಕಂಡ್ರೂ ‘ಇದು ಎಲ್ಲಿ ಹೋಯ್ತು?’ ಅಂತ ಕೇಳೋದು. ಇಕಾಲಜಿ, ಅಂದ್ರೆ ಪರಿಸರ ವಿಜ್ಞಾನ ಅನ್ನೋ ಸಬ್ಜೆಕ್ಟಿನ ಅರ್ಧ ಪಾಠ ಅದೊಂದೇ ಪ್ರಶ್ನೆ ಅಂತ ನನ್ನ ಲೆಕ್ಕ. ಉದಾಹರಣೆಗೆ ಶಕ್ತಿ, ಅದು ನಿಜವಾಗ್ಲೂ ಕೈ ಬಿಟ್ಟು ಹೋಗತ್ತೆ. ಪಾಚಿ ಬಿಸಿಲು ಹಿಡಿಯತ್ತೆ, ಪಾಚಿನ ಸಣ್ಣ ಹುಳ ತಿನ್ನತ್ತೆ, ಹುಳನ ಮೀನು, ಮೀನನ್ನ ಹಕ್ಕಿ. ಒಂದೊಂದು ಮೆಟ್ಟಿಲಿಗೂ ಮೇಲಕ್ಕೆ ದಾಟೋದು ಅಂದಾಜು ಹತ್ತರಲ್ಲಿ ಒಂದು ಪಾಲು, ಮಿಕ್ಕಿದ್ದರಲ್ಲಿ ಜಾಸ್ತಿ ಉಸಿರಾಟ, ಓಡಾಟ ಅಂತ ಬಿಸಿಯಾಗಿ ಹೋಗತ್ತೆ, ಮತ್ತೆ ವಾಪಸ್ ಬರಲ್ಲ. ಪಾಚಿಲಿ 10,000 ಇದ್ದದ್ದು ಹಕ್ಕಿ ಹೊತ್ತಿಗೆ 10. ಅದಕ್ಕೇ ಆಹಾರ ಸರಪಳಿಗೆ ನಾಕೈದು ಮೆಟ್ಟಿಲಿಗಿಂತ ಜಾಸ್ತಿ ಇರೋದು ಅಪರೂಪ, ಬೇಟೆಗಾರ ಪ್ರಾಣಿಗಳ ಸಂಖ್ಯೆನೂ ಕಮ್ಮಿ.

ವಿಷದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲಿಯರ್ ಲೇಕ್ ಅಂತ ಒಂದು ಸರೋವರ ಇದೆ. ಅಲ್ಲಿ ಸಣ್ಣ ನೊರಜುಗಳ ಕಾಟ. ಕಚ್ಚೋದೂ ಇಲ್ಲ ಪಾಪ, ಬರೀ ಕಿರಿಕಿರಿ ಅಷ್ಟೇ. ಅದಕ್ಕೆ 1949ರಲ್ಲಿ ಡಿಡಿಡಿ ಅನ್ನೋ ಕೀಟನಾಶಕ ಹಾಕಿದ್ರು, ಡಿಡಿಟಿಯ ಸಂಬಂಧಿ ಅದು, ಏಳು ಕೋಟಿ ಪಾಲು ನೀರಿಗೆ ಒಂದು ಪಾಲು, ಅಷ್ಟು ತೆಳು. ಮತ್ತೆ 1954ರಲ್ಲಿ, 1957ರಲ್ಲಿ. ಅಷ್ಟರಲ್ಲಿ ಗ್ರೀಬ್ ಅನ್ನೋ ಮುಳುಗುಹಕ್ಕಿಗಳು ಸಾಯೋಕೆ ಶುರುವಾಗಿದ್ವು. ನೀರಲ್ಲಿ ಇದ್ದದ್ದು 0.02 ಪಿಪಿಎಮ್ (ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ) ಸುಮಾರು, ನೀರಲ್ಲಿ ತೇಲೋ ಸೂಕ್ಷ್ಮ ಜೀವಿಗಳಾದ ಪ್ಲಾಂಕ್ಟನ್ನಲ್ಲಿ 5, ಸತ್ತ ಗ್ರೀಬಿನ ಕೊಬ್ಬಲ್ಲಿ 1600. ಡಿಡಿಡಿ ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗತ್ತೆ, ಬೇಗ ಒಡೆಯೋದೂ ಇಲ್ಲ. ಸಾವಿರ ಪ್ಲಾಂಕ್ಟನ್ ತಿಂದ ಮೀನು ಅವುಗಳ ಶಕ್ತಿನ ಸುಟ್ಟು ಕಳ್ಕೊಳತ್ತೆ, ವಿಷನ ಮಾತ್ರ ಇಟ್ಕೊಳತ್ತೆ. ಅಂಥ ಮೀನನ್ನ ದಿನಾ ತಿನ್ನೋ ಹಕ್ಕಿಗೆ ಎಲ್ಲರ ಪಾಲೂ ಸೇರಿ ಬಂತು. ಕೊನೆಗೆ ನೀರು ಪರೀಕ್ಷೆ ಮಾಡಿದ್ರೆ ಏನೂ ಸಿಗ್ತಿರ್ಲಿಲ್ಲ, ಅಷ್ಟೊತ್ತಿಗೆ ಅದೆಲ್ಲ ಮೈಗಳ ಒಳಗೆ ಸೇರ್ಕೊಂಡಿತ್ತು. ನನ್ನ ತೊಟ್ಟಿದೂ ಅದೇ ಕಥೆ ಅಲ್ವಾ, ನೋಡೋಕೆ ತಿಳಿ.

ಈಗ ಮತ್ತೆ ಮೂರು ಮೀನು ಇದಾವೆ. ವಾರಕ್ಕೊಂದ್ಸಲ ಕಾಲು ಭಾಗ ನೀರು ತೆಗೀತೀನಿ, ನೈಟ್ರೇಟ್ ಬೇರೆ ಎಲ್ಲೂ ಹೋಗಲ್ವಲ್ಲ, ತೆಗೆದ ನೀರನ್ನ ಕುಂಡದಲ್ಲಿರೋ ಮನಿ ಪ್ಲಾಂಟಿಗೆ ಹಾಕ್ತೀನಿ, ಎಲೆಗಳು ಅಂಗೈ ಅಗಲ ಆಗಿವೆ. ಸ್ಪಾಂಜನ್ನ ಹಾಗೆ ತೆಗೆದ ನೀರಲ್ಲೇ ಒಂದ್ಸಲ ಅದ್ದಿ ಎತ್ತೋದು, ಅಷ್ಟೇ. ಮನೆಗೆ ಬಂದೋರು ಅದರ ಬಣ್ಣ ನೋಡಿ ‘ಏನೋ ಇದು, ತೊಳೆಯೋದಲ್ವಾ’ ಅಂತಾರೆ.