ಹಳದಿ ಬರದ ಟ್ಯೂಬುಗಳು

ಆಂಡ್ರಾಲಜಿ ಲ್ಯಾಬಿಗೆ, ಅಂದರೆ ಗಂಡಸರ ವೀರ್ಯ ಪರೀಕ್ಷೆ ಮಾಡುವ ಲ್ಯಾಬಿಗೆ, ಸೇರಿ ಆಗಿನ್ನೂ ಎರಡನೇ ವರ್ಷ. ಒಂದು ದಿನ ಆಕ್ರೋಸಿನ್ ಟೆಸ್ಟಿಗೆ ಐದು ಸ್ಯಾಂಪಲ್ ಇಟ್ಟಿದ್ದೆ. ಮೂರು ಗಂಟೆ ಬಿಟ್ಟು ನೋಡಿದರೆ ಐದೂ ಟ್ಯೂಬು ನೀರಿನಷ್ಟು ತಿಳಿ.

ಆಕ್ರೋಸಿನ್ ಪ್ರೋಟೀನ್ ಕತ್ತರಿಸುವ ಕಿಣ್ವ. ವೀರ್ಯಾಣುವಿನ ತಲೆ ಮೇಲೆ ಟೋಪಿ ಥರ ಕೂತಿರುವ ಆಕ್ರೋಸೋಮ್ ಎಂಬ ಚೀಲದಲ್ಲಿ ಇರುತ್ತೆ. ಕರುಳಿನ ಟ್ರಿಪ್ಸಿನ್‌ಗೆ ದಾಯಾದಿ. ಅದರಂತೆ ಇದೂ ಅರ್ಜಿನಿನ್, ಲೈಸಿನ್ ಸಿಕ್ಕ ಕಡೆ ಕತ್ತರಿ ಹಾಕುತ್ತೆ. ಟೆಸ್ಟಿನಲ್ಲಿ ನಾವು ಅರ್ಜಿನಿನ್ ಇರುವ ಬಾಪ್ನಾ ಎಂಬ ಕೆಮಿಕಲ್ ಕೊಡ್ತೀವಿ. ಕಿಣ್ವ ಅದನ್ನು ಕತ್ತರಿಸಿದರೆ ಹಳದಿ ಬಣ್ಣ ಬಿಡುತ್ತೆ. ಎಷ್ಟು ಹಳದಿಯೋ ಅಷ್ಟು ಆಕ್ರೋಸಿನ್.

ಮೊದಲು ಅನುಮಾನ ಬಂದದ್ದು ತೊಳೆಯುವುದರ ಮೇಲೆ. ವೀರ್ಯದ್ರವದಲ್ಲೇ ಈ ಕಿಣ್ವವನ್ನು ಕಟ್ಟಿಹಾಕುವ ಪ್ರೋಟೀನ್‌ಗಳಿವೆ. ಸರಿಯಾಗಿ ತೊಳೆಯದಿದ್ದರೆ ರೀಡಿಂಗ್ ಬೀಳುತ್ತೆ. ಆದರೆ ಫೈಕಾಲ್ ಎಂಬ ದಪ್ಪ ದ್ರಾವಣದ ಮೇಲೆ ಹಾಕಿ ಸೆಂಟ್ರಿಫ್ಯೂಜ್ ಮಾಡಿದ್ದೆನಲ್ಲ. ಐದು ಜನಕ್ಕೂ ಒಟ್ಟಿಗೆ ಆಕ್ರೋಸಿನ್ ಇಲ್ಲವೆಂದರೆ ನಂಬೋದು ಹೇಗೆ? ಆದರೂ ರಿಜಿಸ್ಟರಿನಲ್ಲಿ 'ಅತಿ ಕಡಿಮೆ' ಅಂತ ಪೆನ್ಸಿಲಿನಲ್ಲಿ ಬರೆದೇಬಿಟ್ಟಿದ್ದೆ. ಹೊರಗೆ ಬೆಂಚಿನ ಮೇಲೆ ಗಂಡ-ಹೆಂಡತಿ ಕಾಯ್ತಾ ಇದ್ದರು.

ಸೀನಿಯರ್ ಮೇಡಂ ಬಂದು ಟ್ಯೂಬ್ ನೋಡಲೇ ಇಲ್ಲ. "ಬಫರ್ ಬಾಟ್ಲಿ ಕೊಡಪ್ಪ" ಅಂದರು. ಬಫರ್ ಅಂದರೆ ಟೆಸ್ಟಿನ ಪಿಎಚ್ (ಹುಳಿ-ಕ್ಷಾರದ ಅಳತೆ; ಕಡಿಮೆಯಾದಷ್ಟೂ ಹುಳಿ) ಒಂದೇ ಮಟ್ಟದಲ್ಲಿ ಹಿಡಿದಿಡುವ ದ್ರಾವಣ. ಲೇಬಲ್ ಮೇಲೆ ನನ್ನದೇ ಅಕ್ಷರ: ಪಿಎಚ್ 8.0. ಅವರು ಪಿಎಚ್ ಪೇಪರ್ ಅದ್ದಿದರು. ಟ್ಯೂಬಿನಲ್ಲಿ ಬರಬೇಕಾದ ಹಳದಿ ಪೇಪರಿನ ಮೇಲೆ ಬಂದಿತ್ತು! 8 ಆಗಿದ್ದರೆ ಹಸಿರು-ನೀಲಿಗೆ ತಿರುಗಬೇಕಿತ್ತು.

ಆಮೇಲೆ ನೆನಪಾಯ್ತು. ಬೆಳಿಗ್ಗೆ ಲೇಬಲ್ ಮೊದಲು ಅಂಟಿಸಿ, ಬಫರಿಗೆ ಹಾಕುವ ಹೆಪೆಸ್ ಎಂಬ ಪುಡಿ ತೂಗಿ ಕರಗಿಸಿದೆ. ಅಷ್ಟರಲ್ಲಿ ಕೌಂಟರಿನಿಂದ ಸ್ಯಾಂಪಲ್ ಬಂತೆಂದು ಕರೆದರು. ವಾಪಸ್ ಬಂದವನು ಪಿಎಚ್ ಏರಿಸುವ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ದೇನೆ ಅಂದುಕೊಂಡು ಮುಂದಕ್ಕೆ ಹೋದೆ. ಬರೀ ನೀರಿನಲ್ಲಿ ಕರಗಿಸಿದ ಹೆಪೆಸ್ ಆಮ್ಲವೇ, ಸುಮಾರು 5ರ ಆಸುಪಾಸು.

"ಕಿಣ್ವ ಸತ್ತಿಲ್ಲ, ನೀನು ಎಬ್ಬಿಸಿಲ್ಲ" ಅಂದರು ಮೇಡಂ. ಆಕ್ರೋಸೋಮಿನ ಒಳಗೆ ಇದು ಪ್ರೊಆಕ್ರೋಸಿನ್ ಎಂಬ ನಿಷ್ಕ್ರಿಯ ರೂಪದಲ್ಲಿರುತ್ತೆ. ಚೀಲದ ಒಳಗಿನ ಹುಳಿಯೇ ಅದಕ್ಕೆ ಬೀಗ. ಇಲ್ಲದಿದ್ದರೆ ಅಂಡಾಣು ಸಿಗುವ ಮೊದಲೇ ಕತ್ತರಿ ಆಡಿಸಲು ಶುರು ಮಾಡುತ್ತೆ. ಆಕ್ರೋಸೋಮ್ ಒಡೆದು ಪಿಎಚ್ ಏರಿದಾಗ ಪ್ರೊಆಕ್ರೋಸಿನ್ ತನ್ನನ್ನು ತಾನೇ ಕತ್ತರಿಸಿಕೊಂಡು ಎಚ್ಚರಾಗುತ್ತೆ. ಟೆಸ್ಟಿನಲ್ಲಿ ಚೀಲ ಒಡೆಯೋಕೆ ಡಿಟರ್ಜೆಂಟ್, ಎಬ್ಬಿಸೋಕೆ ಪಿಎಚ್ 8. ನಾನು ಚೀಲ ಒಡೆದು ಹುಳಿಯಲ್ಲೇ ಬಿಟ್ಟಿದ್ದೆ.

ಹೊಸ ಬಫರ್ ಮಾಡಿ, ಉಳಿದ ಸ್ಯಾಂಪಲ್ ಮತ್ತೆ ಇಟ್ಟೆ. ನಾಲ್ಕು ಚೆನ್ನಾಗಿ ಹಳದಿಯಾದವು. ಒಂದು, ಆ ಬೆಂಚಿನ ಮೇಲಿದ್ದವರದ್ದೇ, ನಿಜವಾಗಿಯೂ ಕಡಿಮೆ.

ಅಂದರೆ ಇವರಿಗೆ ಮಕ್ಕಳಾಗದ ಕಾರಣ ಸಿಕ್ಕಿತು ಅಂತ ನಾನು. ಮೇಡಂ ಒಪ್ಪಲಿಲ್ಲ. ಅಂಡಾಣುವಿನ ಸುತ್ತಲಿನ ಹೊದಿಕೆಯನ್ನು ಆಕ್ರೋಸಿನ್ ಕೊರೆಯುತ್ತೆ ಅಂತ ಬಹಳ ವರ್ಷ ನಂಬಿದ್ದರಂತೆ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆಕ್ರೋಸಿನ್ ಜೀನ್ ತೆಗೆದ ಇಲಿಗಳನ್ನು ಮಾಡಿದರು. ಅವುಗಳಿಗೆ ಮರಿ ಹುಟ್ಟಿದವು, ವೀರ್ಯಾಣು ಒಳಹೋಗುವುದು ಸ್ವಲ್ಪ ತಡವಾಯ್ತು ಅಷ್ಟೇ. (2020ರಲ್ಲಿ ಹ್ಯಾಮ್‌ಸ್ಟರ್‌ನಲ್ಲಿ ಮಾಡಿ ನೋಡಿದಾಗ ಉಲ್ಟಾ: ಆಕ್ರೋಸಿನ್ ಇಲ್ಲದೆ ಹೊದಿಕೆ ದಾಟಲೇ ಇಲ್ಲ. ಅದು ನಾನು ಆಮೇಲೆ ಓದಿದ್ದು.)

ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿ, ಹೊಸ ರೀಡಿಂಗ್ ಬರೆದು, ಪಕ್ಕದಲ್ಲಿ 'ಎರಡು ವಾರ ಬಿಟ್ಟು ಮತ್ತೊಮ್ಮೆ' ಅಂತ ಸೇರಿಸಿದೆ. ಹೊರಗೆ ಹೋದಾಗ ಆ ಗಂಡ, "ಯಾಕ್ ಸಾರ್ ಇಷ್ಟು ಲೇಟು?" ಅಂದರು. "ತಪ್ಪು ನಂದೇ, ಬಫರ್ ಕೆಟ್ಟಿತ್ತು" ಅಂದೆ. ಅವರು ನಕ್ಕು, ಹೆಂಡತಿ ಕೈಯಿಂದ ಫೈಲ್ ಇಸ್ಕೊಂಡರು.