ಮೂರೂಕಾಲರ ಬಿಸಿ ಬನ್ನು

"ಊಟ ಜಾಸ್ತಿ ಮಾಡಬೇಡ ಕಣೇ, ಮೂರು ಗಂಟೆಗೆ ಹೊರಗೆ ಹೋಗೋದಿದೆ" ಅಂತ ಅಕ್ಕ ಬೆಳಿಗ್ಗೆಯೇ ಹೇಳಿಟ್ಟಿದ್ದಳು. ಅಕ್ಕ, ಭಾವ ಹಾಂಗ್‌ಕಾಂಗ್ ಸೇರಿ ವರ್ಷಗಳಾದವು. ಅಲ್ಲಿ ಕಟ್ಟಡ ಕೆಲಸದವರು ಮಧ್ಯಾಹ್ನ ಮೂರೂಕಾಲಕ್ಕೆ ಕೆಲಸ ನಿಲ್ಲಿಸಿ ಚಹಾ ಕುಡಿಯೋದು ಹಳೇ ರೂಢಿ. ಆ ಹೊತ್ತಿಗೆ ಹೋದರೆ ಬನ್ನು ಒಲೆಯಿಂದ ಆಗಷ್ಟೇ ಇಳಿದಿರುತ್ತೆ, ಆಮೇಲೆ ಹೋದರೆ ತಣ್ಣಗಿನದು ತಿಂದು ಬರಬೇಕು ಅನ್ನೋದು ಅವಳ ಲೆಕ್ಕ.

ಪ್ರಿನ್ಸ್ ಎಡ್ವರ್ಡ್ ಮೆಟ್ರೋ ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಮುಂದೆ ಗಾಜಿನ ಕೌಂಟರಿನ ಬೇಕರಿ, ಹಿಂದೆ ಇಕ್ಕಟ್ಟಾದ ಹೋಟೆಲು. ಇಂಥವನ್ನು ಅಲ್ಲಿ ಚಾ ಚಾನ್ ಟೆಂಗ್ ಅಂತಾರೆ. ನಮಗೆ ಬೇರೆ ಟೇಬಲ್ ಸಿಗಲಿಲ್ಲ, ಪೇಪರ್ ಓದುತ್ತಿದ್ದ ಒಬ್ಬ ಅಜ್ಜನ ಎದುರಿಗೆ ಕೂರಿಸಿದರು. ಅಜ್ಜ ಕುದುರೆ ರೇಸಿನ ಪುಟದಿಂದ ತಲೆ ಎತ್ತಲಿಲ್ಲ. ಸಪ್ಲೈಯರ್ ಬಂದು ನಿಂತ. ನಗು ಇಲ್ಲ, ನಮಸ್ಕಾರ ಇಲ್ಲ, ಬೇಗ ಹೇಳಿ ಅನ್ನೋ ಮುಖ. ಅಕ್ಕ ಹೇಳಿದ್ದನ್ನು ಎರಡೆರಡು ಅಕ್ಷರದಲ್ಲಿ ಚೀಟಿಗೆ ಗೀಚಿ ಟೇಬಲ್ ಮೇಲೆ ಹಾಕಿ ಹೋದ. ತಣ್ಣಗಿನ ಚಹಾ ಬೇಕಂದ್ರೆ ಬಿಸಿಯದಕ್ಕಿಂತ ಎರಡು ಮೂರು ಹಾಂಗ್‌ಕಾಂಗ್ ಡಾಲರ್ ಜಾಸ್ತಿ, ಅದನ್ನೂ ಗೋಡೆ ಮೇಲೆ ಬರೆದಿದ್ದರು. ನನಗೇನೋ ಈ ಗಡಿಬಿಡಿ ಇಷ್ಟವಾಯಿತು. ಬಲವಂತದ ನಗುವಿಗಿಂತ ಇದೇ ವಾಸಿ.

ಆರ್ಡರಿಗೆ ಮುಂಚೆ ಒಂದು ವಿಚಾರಣೆ ನಡೆದಿತ್ತು. ನಾವಿಬ್ಬರೂ ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಚೀನೀ ಬೇಕರಿಯಲ್ಲಿ ನಮ್ಮಂಥವರ ತಲೆನೋವು ಅಂದ್ರೆ ಹಂದಿಕೊಬ್ಬು. ಹಳೇ ಕ್ರಮದಲ್ಲಿ ಪದರಪದರದ ತಿಂಡಿಗಳಿಗೆಲ್ಲ ಅದೇ ಬೇಕು. ಕಣ್ಣಿಗೆ ಕಾಣಲ್ಲ, ಹೆಸರಲ್ಲಿ ಇರಲ್ಲ. ಲೋ ಪೋ ಬೆಂಗ್ ಅಂತ ಚಪ್ಪಟೆಯಾದ ಒಂದು ಸಿಹಿ ಇತ್ತು. ಒಳಗಿನ ಹೂರಣ ಸಕ್ಕರೆಯಲ್ಲಿ ಹಾಕಿಟ್ಟ ಬೂದುಗುಂಬಳಕಾಯಿಯದು ಅಂದಾಗ ನನಗೆ ಆಸೆಯಾಯಿತು. ಅಕ್ಕ ಕೌಂಟರಿನ ಹೆಂಗಸನ್ನು ಕ್ಯಾಂಟನೀಸಿನಲ್ಲಿ ಕೇಳಿದಳು. ಆಕೆ ಹೆಮ್ಮೆಯಿಂದಲೇ ತಲೆಯಾಡಿಸಿದಳು. ಹಂದಿಕೊಬ್ಬಿಲ್ಲದೆ ಆ ಪದರ ಹೇಗೆ ಬರುತ್ತೆ ಹೇಳಿ, ಅನ್ನೋ ಹಾಗೆ. ಸರಿ, ಅದು ಬಿಟ್ಟೆವು. ಬನ್ನಿಗೂ ಎಗ್ ಟಾರ್ಟಿಗೂ ಅಲ್ಲಿ ಬೆಣ್ಣೆಯೇ ಅಂತಾಯಿತು.

ಮೊದಲು ಬಂದಿದ್ದು ಬೋಲೋ ಯಾವ್. ಮೆತ್ತಗಿನ ದುಂಡು ಬನ್ನು, ತಲೆ ಮೇಲೆ ಸಕ್ಕರೆ, ಹಿಟ್ಟು, ಮೊಟ್ಟೆ ಕಲಸಿದ ಇನ್ನೊಂದು ಪದರ. ಒಲೆಯಲ್ಲಿ ಅದು ಬಿರುಕು ಬಿಟ್ಟು ಅನಾನಸ್ ಸಿಪ್ಪೆ ತರ ಆಗುತ್ತೆ. ಬೋಲೋ ಅಂದ್ರೆ ಅನಾನಸ್ಸೇ, ಆದರೆ ಒಳಗೆ ಹುಡುಕಬೇಡಿ, ಇರಲ್ಲ. ಬಿಸಿ ಬನ್ನನ್ನು ಅರ್ಧ ಸೀಳಿ ಫ್ರಿಜ್ಜಿನಿಂದ ತೆಗೆದ ಬೆಣ್ಣೆಯ ದಪ್ಪ ತುಂಡು ಇಟ್ಟಿದ್ದರು. ಸುಮ್ನೆ ಸವರಿದ್ದಲ್ಲ, ಬೆರಳಿನಷ್ಟು ದಪ್ಪ! ಫೋಟೋ ತೆಗೆಯೋಕೆ ಹೋದರೆ ಅಕ್ಕ ಗದರಿದಳು. ಯಾಕೆ ಅಂತ ಕಚ್ಚಿದ ಮೇಲೆ ಗೊತ್ತಾಯಿತು. ಮೇಲೆ ಪುಡಿಪುಡಿ ಗರಿ, ಅದರ ಕೆಳಗೆ ಬಿಸಿ ಹತ್ತಿಯಂಥ ಬನ್ನು, ನಡುವೆ ತಣ್ಣಗಿನ ಬೆಣ್ಣೆ. ಅಂಚು ಮಾತ್ರ ಕರಗಿ ಬನ್ನಿಗೆ ಇಳಿಯುತ್ತಿತ್ತು. ಇದರ ಆಯಸ್ಸು ಐದೇ ನಿಮಿಷ. ಕೊನೆಯ ಎರಡು ತುತ್ತಿಗೆ ಬೆಣ್ಣೆ ಪೂರ್ತಿ ಕರಗಿತ್ತು, ಬನ್ನು ಒದ್ದೆಯಾಗಿತ್ತು, ಮಜಾ ಹೋಗಿತ್ತು.

ಜೊತೆಗೆ ಹಾಲಿನ ಚಹಾ. ಸಿಲೋನ್ ಚಹಾಪುಡಿಯನ್ನು ಬಟ್ಟೆ ಸೋಸಣಿಗೆಯಲ್ಲಿ ಮತ್ತೆ ಮತ್ತೆ ಸೋಸಿ ಗಟ್ಟಿ ಡಿಕಾಕ್ಷನ್ ಇಳಿಸುತ್ತಾರೆ. ಹಸಿ ಹಾಲಲ್ಲ, ನೀರಿನಂಶ ಇಂಗಿಸಿ ಗಟ್ಟಿ ಮಾಡಿದ ಡಬ್ಬಿಯ ಇವ್ಯಾಪೊರೇಟೆಡ್ ಹಾಲು. ಶುಂಠಿ, ಏಲಕ್ಕಿ ಹತ್ತಿರ ಸುಳಿಯಲ್ಲ. ಮೊದಲ ಗುಟುಕಿಗೆ ಒಗರು, ಆಮೇಲೆ ನುಣುಪು. ಈ ಚಹಾ ಮಾಡೋ ವಿದ್ಯೆಯನ್ನು ಹಾಂಗ್‌ಕಾಂಗ್ ಸರ್ಕಾರ 2017ರಲ್ಲಿ ತನ್ನ ಪರಂಪರೆಯ ಮುಖ್ಯ ಪಟ್ಟಿಗೇ ಸೇರಿಸಿದೆ. ಭಾವ ಇದಕ್ಕೇ ಕಾಫಿಯನ್ನೂ ಬೆರೆಸಿದ ಯುನ್ ಯೊಂಗ್ ಕುಡಿಯುತ್ತಾರಂತೆ. ನನಗೆ ಆ ಧೈರ್ಯ ಬರಲಿಲ್ಲ.

ಕಾಕ್‌ಟೇಲ್ ಬನ್ನು ಮಾತ್ರ ಎಲ್ಲೋ ತಿಂದ ನೆನಪು ತಂದಿತು. ಮೇಲೆ ಎರಡು ಬಿಳಿ ಗೆರೆ, ಒಳಗೆ ಕಾಯಿತುರಿ, ಸಕ್ಕರೆ, ಬೆಣ್ಣೆ. "ದಿಲ್‌ಪಸಂದ್ ಅಲ್ವಾ ಇದು?" ಅಂದೆ. ಅಕ್ಕ ನಕ್ಕಳು, ಅವಳಿಗೂ ಮೊದಲ ದಿನ ಅಯ್ಯಂಗಾರ್ ಬೇಕರಿಯೇ ಕಣ್ಮುಂದೆ ಬಂದಿತ್ತಂತೆ. ಟೂಟಿ ಫ್ರೂಟಿ ಒಂದಿಲ್ಲ ಅಷ್ಟೇ. 1950ರ ದಶಕದಲ್ಲಿ ಮಾರಾಟವಾಗದೆ ಉಳಿದ ಬನ್ನುಗಳನ್ನು ಪುಡಿಮಾಡಿ, ಕಾಯಿ ಸಕ್ಕರೆ ಸೇರಿಸಿ ಹೂರಣ ಮಾಡಿದ್ದರಿಂದ ಇದು ಹುಟ್ಟಿತು ಅಂತ ಹೇಳುತ್ತಾರೆ. ಬೇಕರಿಯವನ ಬುದ್ಧಿ ಎಲ್ಲ ಊರಲ್ಲೂ ಒಂದೇ.

ಕೊನೆಗೆ ಎಗ್ ಟಾರ್ಟ್. ಬ್ರಿಟಿಷರ ಕಸ್ಟರ್ಡ್ ಟಾರ್ಟು 1920ರ ದಶಕದಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿ ಚೀನೀ ಕೈಗೆ ಸಿಕ್ಕಿ, ಆಮೇಲೆ ಹಾಂಗ್‌ಕಾಂಗಿಗೆ ಬಂತು. ತಳ ಎರಡು ತರ. ಒಂದು ಪದರಪದರ, ಇನ್ನೊಂದು ಬಿಸ್ಕತ್ತಿನ ಹಾಗೆ. ಕೊನೆಯ ಬ್ರಿಟಿಷ್ ಗವರ್ನರ್ ಕ್ರಿಸ್ ಪ್ಯಾಟನ್‌ಗೆ ಬಿಸ್ಕತ್ತಿನ ತಳದ್ದೇ ಇಷ್ಟ. ಸೆಂಟ್ರಲ್ ಅನ್ನೋ ಬಡಾವಣೆಯ ತಾಯ್ ಚೋಂಗ್ ಬೇಕರಿಗೆ ಅವರಿಂದಲೇ ಹೆಸರು ಬಂತು. ನನ್ನ ಓಟೂ ಅದಕ್ಕೇ. ಪದರದ್ದು ಸೀರೆ ಮೇಲೆಲ್ಲ ಉದುರುತ್ತೆ. ಒಳ್ಳೆ ಟಾರ್ಟಿನ ಮೇಲ್ಮೈ ಕನ್ನಡಿಯಂತಿರಬೇಕು, ತಟ್ಟೆ ಅಲ್ಲಾಡಿಸಿದರೆ ನಡುಗಬೇಕು. ನಮ್ಮದು ನಡುಗಿತು.

ಚೀಟಿ ಕೊಟ್ಟು ಕೌಂಟರಿನಲ್ಲಿ ದುಡ್ಡು ಕಟ್ಟುವಾಗ ಭಾವನಿಗೆ ಅಂತ ಇನ್ನೊಂದು ಡಬ್ಬಿ ಟಾರ್ಟು ಕಟ್ಟಿಸಿದೆವು. ಡಬ್ಬಿ ಇನ್ನೂ ಬಿಸಿ. ಮೆಟ್ರೋ ಒಳಗೆ ತಿನ್ನುವ ಹಾಗಿಲ್ಲ, ದಂಡ ಹಾಕುತ್ತಾರೆ. ಸ್ಟೇಷನ್ ಮೆಟ್ಟಿಲ ಹತ್ತಿರ ಅಕ್ಕ ನಿಂತಳು.

"ಮನೆ ಮುಟ್ಟೋ ಹೊತ್ತಿಗೆ ತಣ್ಣಗಾಗಿ ಬಿಡುತ್ತೆ, ಅಲ್ವೇನೇ?"

"ಆಗುತ್ತೆ" ಅಂದೆ.

ಅಲ್ಲೇ ಗೋಡೆ ಪಕ್ಕ ನಿಂತು ಡಬ್ಬಿ ತೆರೆದೆವು. ಭಾವನ ಪಾಲಿಗೆ ಒಂದು ಉಳಿಯಿತು. ಮನೆಗೆ ಬಂದ ಮೇಲೆ, ಉಳಿದದ್ದು ಇಷ್ಟೇ ಅಂತ ಅಂಗಡಿಯವರೇ ಕೊಟ್ಟರು ಅಂತ ಅಕ್ಕ ಹೇಳಿದಳು. ಭಾವ ನನ್ನ ತುಟಿಗೆ ಅಂಟಿದ್ದ ಪುಡಿ ನೋಡಿ, "ಹೌದೌದು, ಪಾಪ, ಅವರ ಹತ್ರ ಖಾಲಿಯಾಗಿತ್ತೇನೋ" ಅಂದರು.